ಕ್ರಿಸ್‌ಮಸ್ ಸೀಸನ್ನಿನ ಜಿಂಜರ್‌ಬ್ರೆಡ್ ಟೀ, ಕುಕೀ ಟೀ: ಯಾವುದು ತರಲಿ, ಹೇಗೆ ಕುಡಿಯಲಿ?

ಮಿಸ್ಸಿಸಾಗದಿಂದ ಪ್ರಶ್ನೆ

ನಾವಿರುವುದು ಕೆನಡಾದ ಮಿಸ್ಸಿಸಾಗದಲ್ಲಿ. ನವೆಂಬರ್ ಬಂತೆಂದರೆ ಇಲ್ಲಿನ ಅಂಗಡಿಗಳಲ್ಲಿ ಹಬ್ಬದ ತಿಂಡಿಗಳ ಪರಿಮಳ ಬೆರೆಸಿದ ಟೀಗಳೇ: ಜಿಂಜರ್‌ಬ್ರೆಡ್ (ಶುಂಠಿ ಮಸಾಲೆಯ ಬಿಸ್ಕತ್ತು) ಟೀ, ಶುಗರ್ ಕುಕೀ ಟೀ, ಕ್ಯಾಂಡಿ ಕೇನ್ (ಪೆಪ್ಪರ್‌ಮಿಂಟ್ ಮಿಠಾಯಿ ಕಡ್ಡಿ) ಟೀ, ಎಗ್‌ನಾಗ್ (ಹಾಲು, ಮೊಟ್ಟೆಯ ಸಿಹಿ ಪಾನೀಯ) ಟೀ ಅಂತ ಕಪಾಟು ತುಂಬಿರುತ್ತದೆ. ಡಿಸೆಂಬರ್ ರಜೆಯಲ್ಲಿ ನಾಲ್ಕೈದು ಕನ್ನಡ ಮನೆಯವರು ನಮ್ಮಲ್ಲಿ ಸೇರುತ್ತೇವೆ. ಈ ಸಲ ಎಲ್ಲರೂ ಕೂತು ಇವುಗಳ ರುಚಿ ನೋಡೋಣ ಅಂತ ಆಸೆ. ಆದರೆ ನಾವೆಲ್ಲ ಹಾಲು ಹಾಕಿ ಕುದಿಸಿದ ಟೀ ಕುಡಿದು ಬೆಳೆದವರು. ಊರಿಂದ ಅತ್ತೆ ಬಂದಿದ್ದಾರೆ, ಅವರಿಗೆ ಬಿಪಿ, ಶುಗರ್ ಎರಡೂ ಇದೆ. ಮೊಟ್ಟೆ ತಿನ್ನದವರಿದ್ದಾರೆ, ಮಕ್ಕಳಿದ್ದಾರೆ. ಯಾವುದು ತರಬೇಕು? ಹಾಲು ಹಾಕಬಹುದಾ? ಇವು ಸಿಹಿ ಇರುತ್ತವಾ? ಕುಡಿದು ಗೊತ್ತಿರುವವರು ದಯವಿಟ್ಟು ಹೇಳಿ.

ಶಿಕಾಗೊದಿಂದ

ಅಕ್ಕ, ಮೊದಲು ಸಿಹಿಯ ವಿಷಯ. ಹೆಚ್ಚಿನ ಟೀಗಳಲ್ಲಿ ಸಕ್ಕರೆ ಇರುವುದೇ ಇಲ್ಲ. ಡಬ್ಬಿ ತೆರೆದರೆ ಬೇಕರಿ ಮುಂದೆ ನಿಂತ ಹಾಗೆ ಘಮಘಮ, ಬಾಯಿಗಿಟ್ಟರೆ ಸಪ್ಪೆ. ಮೊದಲ ಸಲ ಕುಡಿದವರಿಗೆ ಬೇಜಾರಾಗುವುದು ಇಲ್ಲೇ. ವೆನಿಲ್ಲಾ, ಕ್ಯಾರಮೆಲ್, ಬೆಣ್ಣೆ ಬಿಸ್ಕತ್ತು ಎಲ್ಲ ಇರುವುದು ಮೂಗಿಗೆ, ನಾಲಿಗೆಗಲ್ಲ. ಒಂದು ಕಪ್ಪಿಗೆ ಅರ್ಧ ಚಮಚ ಸಕ್ಕರೆ ಹಾಕಿ ನೋಡಿ. ಅಲ್ಲಿಯವರೆಗೆ ವಾಸನೆಯಾಗಿ ಮಾತ್ರ ಇದ್ದದ್ದು ರುಚಿಯಾಗಿ ಸಿಗುತ್ತದೆ. ಬಂದವರಿಗೆ ಇದನ್ನು ಮೊದಲೇ ಹೇಳಿಬಿಡಿ, ಅರ್ಧ ನಿರಾಸೆ ಅಲ್ಲೇ ಹೋಗುತ್ತದೆ.

ಎರಡನೆಯದು ಇದಕ್ಕಿಂತ ಮುಖ್ಯ. ಡಬ್ಬಿಯ ಮುಂದಿನ ಹೆಸರು, ಹಿಮದ ಗಾಡಿ, ಜಿಂಕೆ ಚಿತ್ರ ನೋಡಿ ಆರಿಸಬೇಡಿ. ತಿರುಗಿಸಿ ಹಿಂದಿನ ಪಟ್ಟಿ ಓದಿ. ಪರಿಮಳದ ಕೆಳಗೆ ಯಾವ ಎಲೆ, ಯಾವ ಬೇರು ಇದೆ ಅನ್ನುವುದೇ ಎಲ್ಲವನ್ನೂ ನಿರ್ಧಾರ ಮಾಡುತ್ತದೆ. ಬ್ಲ್ಯಾಕ್ ಟೀ ಇದ್ದರೆ ಹಾಲು ಧಾರಾಳವಾಗಿ ಹಾಕಬಹುದು. ರೂಯ್ಬೊಸ್ ಇದ್ದರೂ ಸೈ. ಇದು ದಕ್ಷಿಣ ಆಫ್ರಿಕಾದ ಸೆಡರ್‌ಬರ್ಗ್ ಬೆಟ್ಟಗಳ ಕಡೆ ಬೆಳೆಯುವ ಗಿಡ, ಟೀ ಗಿಡವೇ ಅಲ್ಲ, ಕೆಫೀನ್ ಇಲ್ಲ, ಎಷ್ಟು ಹೊತ್ತು ಬಿಟ್ಟರೂ ಕಹಿಯಾಗುವುದಿಲ್ಲ. ಮಕ್ಕಳಿಗೆ, ರಾತ್ರಿ ಊಟದ ಮೇಲೆ ಕುಡಿಯುವವರಿಗೆ ನನ್ನ ಆಯ್ಕೆ ಯಾವಾಗಲೂ ವೆನಿಲ್ಲಾ ರೂಯ್ಬೊಸ್ಸೇ. ಗ್ರೀನ್ ಟೀ ಮೇಲೆ ಕಟ್ಟಿದ ಪರಿಮಳಗಳಿಗೆ ಹಾಲು ಬೇಡ.

ಒಂದು ಉದಾಹರಣೆ ಹೇಳುತ್ತೇನೆ. ಸೆಲೆಸ್ಟಿಯಲ್ ಸೀಸನಿಂಗ್ಸ್ ಅಂತ ಕೊಲೊರಾಡೊದ ಬೋಲ್ಡರ್‌ನಲ್ಲಿ 1969ರಲ್ಲಿ ಶುರುವಾದ ಕಂಪನಿ ಇದೆ. ಅವರ ಚಳಿಗಾಲದ ಡಬ್ಬಿಗಳು ಅಮೆರಿಕದಲ್ಲಿ ಬಹಳ ಜನಪ್ರಿಯ. ಒಂದೇ ಕಪಾಟಿನಲ್ಲಿ ಪಕ್ಕಪಕ್ಕ ಇಟ್ಟಿರುವ ಮೂರನ್ನು ತೆಗೆದುಕೊಳ್ಳಿ. 'ಶುಗರ್ ಕುಕೀ ಸ್ಲೇ ರೈಡ್'ನಲ್ಲಿ ಟೀ ಎಲೆಯೇ ಇಲ್ಲ, ಹುರಿದ ಬಾರ್ಲಿಯಂಥವು ಇವೆ. 'ಕ್ಯಾಂಡಿ ಕೇನ್ ಲೇನ್'ನಲ್ಲಿ ಕೆಫೀನ್ ತೆಗೆದ ಗ್ರೀನ್ ಟೀ ಮತ್ತು ಪೆಪ್ಪರ್‌ಮಿಂಟ್. 'ನಟ್‌ಕ್ರ್ಯಾಕರ್ ಸ್ವೀಟ್'ನಲ್ಲಿ ಬ್ಲ್ಯಾಕ್ ಟೀ. ಮೂರಕ್ಕೂ ಒಂದೇ ಥರದ ಚಂದದ ಚಿತ್ರ, ಒಳಗೆ ಮೂರೂ ಬೇರೆ. ನಮ್ಮ ಮನೆಯಲ್ಲಿ ಹಾಲಿನ ಟೀ ಬಿಟ್ಟು ಬೇರೆ ಮುಟ್ಟದವರಿಗೂ ಹಿಡಿಸಿದ್ದು ನಟ್‌ಕ್ರ್ಯಾಕರ್. ಕುಕೀ ಟೀ ಮಕ್ಕಳಿಗೆ ಇಷ್ಟ. ಆದರೆ ಬಾರ್ಲಿಯಲ್ಲಿ, ಗೋಧಿಯಲ್ಲಿರುವ ಹಾಗೆ, ಗ್ಲೂಟನ್ ಅನ್ನುವ ಪ್ರೋಟೀನ್ ಇರುತ್ತದೆ, ಗುಂಪಿನಲ್ಲಿ ಯಾರಿಗಾದರೂ ಅದು ಆಗುವುದಿಲ್ಲವಾ ಅಂತ ಮೊದಲೇ ಕೇಳಿಕೊಳ್ಳಿ.

ಮ್ಯೂನಿಕ್‌ನಿಂದ, ಊರು ಮಂಗಳೂರು

ಹಿಂದಿನವರು ಹೇಳಿದ ಪಟ್ಟಿ ಓದುವ ಮಾತು ಜರ್ಮನಿಯಲ್ಲಂತೂ ಇನ್ನೂ ನಿಜ. ಇಲ್ಲಿ ವೈನಾಖ್ಟ್ಸ್‌ಟೀ, ಅಂದರೆ ಕ್ರಿಸ್‌ಮಸ್ ಟೀ, ಅಂತ ಸಿಗುವುದರಲ್ಲಿ ಬಹಳಷ್ಟು ಹಣ್ಣಿನ ಟೀ. ಒಣ ಸೇಬಿನ ಚೂರು, ರೋಸ್‌ಹಿಪ್ (ಕಾಡುಗುಲಾಬಿಯ ಕಾಯಿ), ದಾಸವಾಳದ ಜಾತಿಯ ಹೈಬಿಸ್ಕಸ್ ಗಿಡದ ಕೆಂಪು ಪುಷ್ಪಪಾತ್ರೆ (ಹೂವಿನ ಬುಡದ ತೊಟ್ಟಿನ ಭಾಗ), ಮೇಲೆ ಚಕ್ಕೆ, ಲವಂಗ, ಕಿತ್ತಳೆ ಸಿಪ್ಪೆ. ಆ ಕೆಂಪು ಬರುವುದು ಉತ್ತರ ಕರ್ನಾಟಕದವರು ಪಲ್ಯ ಮಾಡುವ ಪುಂಡಿಯ ಬಳಗದ ಗಿಡದಿಂದ. ಪುಂಡಿಯ ಹುಳಿ ಗೊತ್ತಲ್ವಾ? ಅದೇ ಹುಳಿ ಇಲ್ಲಿಯೂ. ಅದಕ್ಕೆ ಹಾಲು ಹಾಕಿದರೆ ಒಡೆದುಹೋಗುತ್ತದೆ. ಪಟ್ಟಿಯಲ್ಲಿ ಹೈಬಿಸ್ಕಸ್ ಅಂತ ಕಂಡರೆ ಹಾಲಿನ ಪಾತ್ರೆ ದೂರ ಇಡಿ, ಬೇಕಾದರೆ ಜೇನುತುಪ್ಪ ಹಾಕಿ.

ನನಗೆ ಈ ಸೀಸನ್ನಿನಲ್ಲಿ ತುಂಬ ಇಷ್ಟ ಬ್ರಾಟ್‌ಆಪ್ಫೆಲ್ ಟೀ. ಬ್ರಾಟ್‌ಆಪ್ಫೆಲ್ ಅಂದರೆ ಇಲ್ಲಿನವರು ಚಳಿಗಾಲದಲ್ಲಿ ಒಲೆಯಲ್ಲಿ ಬೇಯಿಸುವ ಸೇಬು, ಒಳಗೆ ದ್ರಾಕ್ಷಿ, ಬಾದಾಮಿ, ಚಕ್ಕೆ ತುಂಬಿರುತ್ತಾರೆ. ಆ ಪರಿಮಳದ ಟೀಯಲ್ಲಿ ಸೇಬು ಮುಂದಿದ್ದು ಹುಳಿ ಹಿಂದಿದ್ದರೆ ಸಕ್ಕರೆ ಇಲ್ಲದೆಯೂ ಚೆನ್ನಾಗಿರುತ್ತದೆ. ಕುದಿಯುವ ನೀರು, ಎಂಟು ಹತ್ತು ನಿಮಿಷ, ಮೇಲೆ ತಟ್ಟೆ ಮುಚ್ಚಿಡಿ. ಹಣ್ಣಿನ ಟೀಗೆ ಅವಸರ ಆಗದು. ಮೂರು ನಿಮಿಷಕ್ಕೆ ತೆಗೆದರೆ ಬಣ್ಣದ ನೀರು ಅಷ್ಟೆ.

ಜೊತೆಗೆ ಏನು ತಿನ್ನುವುದು ಅಂತ ನೀವು ಕೇಳಲಿಲ್ಲ. ಆದರೂ ಹೇಳದೆ ಇರಲಾಗದು, ಏಕೆಂದರೆ ನಮ್ಮೂರಲ್ಲಿ ಕ್ರಿಸ್‌ಮಸ್ ಅಂದರೆ ಕುಸ್ವಾರ್. ನೆವ್ರಿ, ಕಿಡಿಯೊ, ತೆಂಗಿನಹಾಲಿನ ಗುಳಿಯೊ, ಪ್ಲಮ್ ಕೇಕ್ ಎಲ್ಲ ತಟ್ಟೆಯಲ್ಲಿ ಜೋಡಿಸಿ ಅಕ್ಕಪಕ್ಕದ ಮನೆಗಳಿಗೆ ಕೊಡುತ್ತಾರೆ. ಸಿಹಿತಿಂಡಿ ಪರಿಮಳದ ಟೀ ಜೊತೆ ಅದೇ ಸಿಹಿತಿಂಡಿ ಇಟ್ಟರೆ ಟೀ ಸೋತುಹೋಗುತ್ತದೆ. ಕುಕೀ ಟೀ ಜೊತೆ ಕುಕೀ ಬೇಡ. ಗುಳಿಯೊ ಅಥವಾ ಖಾರ ಕಡಿಮೆಯ ಚಕ್ಕುಲಿ ಇಟ್ಟು ನೋಡಿ, ಎರಡರ ರುಚಿಯೂ ನಿಲ್ಲುತ್ತದೆ. ಪ್ಲಮ್ ಕೇಕಿಗೆ ಮಾತ್ರ ಮಸಾಲೆಯ ಬ್ಲ್ಯಾಕ್ ಟೀಯೇ ಸರಿ.

ಲಂಡನ್‌ನಿಂದ

ಹಾಲು ಬಿಡಲಾರದವರಿಗೆ ಟ್ವೈನಿಂಗ್ಸ್ ಕ್ರಿಸ್‌ಮಸ್ ಟೀ ಇಡಿ. ಬ್ಲ್ಯಾಕ್ ಟೀ, ಚಕ್ಕೆ, ಲವಂಗ, ಅಷ್ಟೇ. 1706ರಿಂದ ಟೀ ಮಾರುವವರು, ಇದರಲ್ಲಿ ಆಟ ಆಡಿಲ್ಲ. ಹಾಲು ಹಾಕಿ ಸಕ್ಕರೆ ಹಾಕಿದರೆ ನಮ್ಮ ಮಸಾಲೆ ಟೀಯ ತಂಗಿ. ಊರಿಂದ ಬಂದ ಅಪ್ಪ ಇನ್ನೊಂದು ಲೋಟ ಕೇಳಿದ್ದು ಇದೊಂದಕ್ಕೇ.

ಬಾಸ್ಟನ್‌ನಿಂದ, ಫಾರ್ಮಸಿ ಕೆಲಸ

ನಿಮ್ಮ ಅತ್ತೆಯವರ ವಿಷಯಕ್ಕೆ ಬರುತ್ತೇನೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಕ್ಕರೆ ಹಾಕದೆಯೂ ಟೀ ಸಿಹಿಯಾಗಿದ್ದರೆ ಅದರಲ್ಲಿ ಲಿಕರಿಸ್ ಬೇರು ಇರುವ ಸಾಧ್ಯತೆ ಜಾಸ್ತಿ. ನಮ್ಮ ಜೇಷ್ಠಮಧುವೇ ಅದು. ಕೆಮ್ಮಿಗೆ ಅಜ್ಜಿ ಬಾಯಲ್ಲಿಡಲು ಕೊಡುತ್ತಿದ್ದ ತುಂಡು. ಅದರಲ್ಲಿರುವ ಗ್ಲಿಸಿರೈಜಿನ್ ಸಕ್ಕರೆಗಿಂತ ಹತ್ತಾರು ಪಟ್ಟು ಸಿಹಿ. ಸಕ್ಕರೆ ಕಾಯಿಲೆಯವರಿಗೆ ಅನುಕೂಲ ಅನ್ನಿಸಬಹುದು. ಆದರೆ ಅದು ದೇಹದಲ್ಲಿ ಉಪ್ಪು, ನೀರು ಹಿಡಿದಿಡುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ, ಬಿಪಿ ಏರಿಸುತ್ತದೆ. 40 ದಾಟಿದವರು ದಿನಕ್ಕೆ 2 ಔನ್ಸ್‌ನಂತೆ (ಸುಮಾರು 57 ಗ್ರಾಂ) ಎರಡು ವಾರ ಕಪ್ಪು ಲಿಕರಿಸ್ ತಿಂದರೆ ಹೃದಯದ ಬಡಿತ ಏರುಪೇರಾಗಬಹುದು ಅಂತ ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ. ಅದು ಮಿಠಾಯಿಯ ಮಾತು, ಟೀಯಲ್ಲಿ ಅಷ್ಟು ಇರುವುದಿಲ್ಲ. ರುಚಿ ನೋಡಲು ಒಂದು ಗುಟುಕು ಕುಡಿದರೆ ಏನೂ ಆಗದು. ಆದರೆ ಬಿಪಿ ಮಾತ್ರೆ, ಅದರಲ್ಲೂ ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನೇ ರುಚಿ ಅಂತ ದಿನಾ ಎರಡು ಮೂರು ಲೋಟ ಕುಡಿಯಬಾರದು. ಪೆಪ್ಪರ್‌ಮಿಂಟ್ ಟೀ, ಚಾಯ್ ಮಸಾಲೆಯ ಗಿಡಮೂಲಿಕೆ ಟೀ, ಜಿಂಜರ್‌ಬ್ರೆಡ್ ಟೀ, ಇವುಗಳಲ್ಲಿ ಈ ಬೇರು ಸೇರಿಸುವುದು ಸಾಮಾನ್ಯ. ಪಟ್ಟಿಯಲ್ಲಿ ಹುಡುಕಿ.

ಚಕ್ಕೆಯ ವಿಷಯದಲ್ಲಿ ಒಂದು ಮಾತು. ಇಲ್ಲೆಲ್ಲ ಅಗ್ಗವಾಗಿ ಸಿಗುವುದು ಕೇಸಿಯಾ ಚಕ್ಕೆ, ಅದರಲ್ಲಿ ಕೂಮರಿನ್ ಅನ್ನುವ ರಾಸಾಯನಿಕ ಜಾಸ್ತಿ. ಅತಿಯಾದರೆ ಯಕೃತ್ತಿಗೆ ಒಳ್ಳೆಯದಲ್ಲ. ಹಬ್ಬದ ದಿನದ ಒಂದೆರಡು ಲೋಟಕ್ಕೆ ಹೆದರಬೇಕಿಲ್ಲ. ಶುಗರ್ ಇಳಿಯುತ್ತದೆ ಅಂತ ಯಾರೋ ಹೇಳಿದರೆಂದು ಹೊತ್ತುಹೊತ್ತಿಗೆ ಕುಡಿಯುವುದು ಬೇಡ.

ಅತ್ತೆಯವರಿಗೆ ನನ್ನ ಸಲಹೆ: ಲಿಕರಿಸ್ ಇಲ್ಲದ ವೆನಿಲ್ಲಾ ಅಥವಾ ಸೇಬಿನ ರೂಯ್ಬೊಸ್, ಸ್ವಲ್ಪ ಹಾಲು ಹಾಕಿ.

ಎಡ್ಮಂಟನ್‌ನಿಂದ

ನಾನು ಮೊಟ್ಟೆ ತಿನ್ನುವುದಿಲ್ಲ, ಅದಕ್ಕೇ ಈ ಡಬ್ಬಿಗಳನ್ನು ಅಕ್ಷರ ಬಿಡದೆ ಓದುವ ಅಭ್ಯಾಸ. ಎಗ್‌ನಾಗ್ ಟೀ ಅಂದಾಕ್ಷಣ ಮೊಟ್ಟೆ ಇದೆ ಅಂತಲ್ಲ. ಸಾಮಾನ್ಯವಾಗಿ ಜಾಯಿಕಾಯಿ, ವೆನಿಲ್ಲಾ, ಕೆನೆಯ ಪರಿಮಳ ಅಷ್ಟೇ ಇರುತ್ತದೆ. ಆದರೂ ಅಲರ್ಜಿ ಸಾಲು ಓದಿ, ಹಾಲು, ಸೋಯಾ, ಬಾದಾಮಿ ಅಲ್ಲಿ ಬರೆದಿರುತ್ತಾರೆ. ನಿಜವಾಗಿ ನೋಡಬೇಕಾದದ್ದು ಟೀಯೊಳಗೆ ಸೇರಿಸುವ ಬಣ್ಣದ ಸಕ್ಕರೆ ಕಾಳು, ಮಾರ್ಷ್‌ಮೆಲ್ಲೋ ಚೂರು. ಮಾರ್ಷ್‌ಮೆಲ್ಲೋ ಅನ್ನುವ ಮೆತ್ತನೆ ಮಿಠಾಯಿಯಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಜೆಲಟಿನ್ ಇರುತ್ತದೆ. ಸಕ್ಕರೆ ಕಾಳಿನ ಹೊಳಪಿಗೆ ಹಾಕುವ ಕನ್ಫೆಕ್ಷನರ್ಸ್ ಗ್ಲೇಜ್ ಅಂದರೆ ಅರಗು, ಅದು ಕೀಟದಿಂದ ಬರುವುದು. ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಇದನ್ನು ತಿಳಿಸಿ, ಕುಡಿಯುವುದು ಬಿಡುವುದು ಅವರಿಗೆ ಬಿಟ್ಟದ್ದು. ಆ ಕಾಳುಗಳು ಕರಗಿ ಸಕ್ಕರೆಯೂ ಟೀಗೆ ಇಳಿಯುತ್ತದೆ, ಅತ್ತೆಯವರ ಲೆಕ್ಕಕ್ಕೆ ಅದನ್ನೂ ಸೇರಿಸಿಕೊಳ್ಳಿ.

ಕೆನಡಾದಲ್ಲೇ ಇದ್ದೀರಿ, ಆದ್ದರಿಂದ ಇಲ್ಲಿನ ಟೀ ಕಂಪನಿ ಡೇವಿಡ್ಸ್‌ಟೀ ಅವರ 24 ದಿನಗಳ ಅಡ್ವೆಂಟ್ (ಕ್ರಿಸ್‌ಮಸ್‌ಗೆ ದಿನ ಎಣಿಸುವ) ಪೆಟ್ಟಿಗೆ ನೋಡಿರಬಹುದು. ಡಿಸೆಂಬರ್ 1ರಿಂದ ದಿನಕ್ಕೊಂದು ಬಾಗಿಲು, ಒಳಗೊಂದು ಟೀ. ಒಬ್ಬರೇ ಕುಡಿಯಲು ಸಂತೋಷದ ವಸ್ತು. ಆದರೆ ಪ್ರತಿ ಡಬ್ಬಿಯಲ್ಲೂ ಬಹಳ ಸ್ವಲ್ಪ ಇರುವುದರಿಂದ ನಿಮ್ಮ ದೊಡ್ಡ ಗುಂಪಿಗೆ ಸಾಲದು. ಬಂದವರೆಲ್ಲ ಒಂದೊಂದು ಡಬ್ಬಿ ತರಲಿ, ಯಾವುದು ಯಾರು ಅಂತ ಮೊದಲೇ ಹಂಚಿಕೊಳ್ಳಿ.

ಕೂನೂರಿನಿಂದ

ಟೀ ರುಚಿ ನೋಡುವುದೇ ನನ್ನ ಕೆಲಸ. ಪರಿಮಳ ಬೆರೆಸಿದ ಟೀ ನಮ್ಮಲ್ಲಿ ಹರಾಜಿಗೆ ಬರುವುದಿಲ್ಲ, ಆದರೂ ಕ್ರಮ ಅದೇ. ರುಚಿ ನೋಡಲೆಂದು ಟೀ ಇಳಿಸುವುದಕ್ಕೆ ಅಂತರರಾಷ್ಟ್ರೀಯ ಮಾನದಂಡವೇ ಇದೆ, ಐಎಸ್‌ಒ 3103. ಪ್ರತಿ 100 ಮಿಲಿ ಕುದಿಯುವ ನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಅದು ಟೀಯ ದೋಷ ಹುಡುಕಲು ಮಾಡಿದ್ದು, ಹಾಗೆ ಇಳಿಸಿದರೆ ಮನೆಯವರಿಗೆ ಒಗರು ಜಾಸ್ತಿಯಾಗುತ್ತದೆ. ನೀವು 200 ಮಿಲಿ ನೀರಿಗೆ ಒಂದು ಬ್ಯಾಗ್ ಅಥವಾ ಒಂದು ಚಮಚ ಪುಡಿ ಹಾಕಿ, ಬ್ಲ್ಯಾಕ್ ಟೀ ನಾಲ್ಕು ನಿಮಿಷ, ರೂಯ್ಬೊಸ್ ಏಳು ನಿಮಿಷ. ಗ್ರೀನ್ ಟೀಗೆ 75ರಿಂದ 80 ಡಿಗ್ರಿ ನೀರು, ಎರಡೇ ನಿಮಿಷ. ಥರ್ಮಾಮೀಟರ್ ಇಲ್ಲದಿದ್ದರೆ ಕುದಿ ಬಂದ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎರಡು ಸಲ ಸುರಿದು ಆರಿಸಿಕೊಳ್ಳಿ.

ಪಾತ್ರೆಯಲ್ಲಿ ಹಾಕಿ ಕುದಿಸಲೇಬೇಡಿ. ಇದು ನಮ್ಮವರಿಗೆ ಕಷ್ಟ, ಗೊತ್ತು. ಆದರೆ ಈ ಪರಿಮಳಗಳು ಗಾಳಿಗೆ ಹಾರುವಂಥವು. ಕುದಿಸಿದರೆ ಅಡುಗೆಮನೆ ಘಮಘಮ ಅನ್ನುತ್ತದೆ, ಲೋಟದಲ್ಲಿ ಏನೂ ಉಳಿಯುವುದಿಲ್ಲ. ಹಾಲು ಬೇಕಾದವರಿಗೆ ನೀರು ಕಡಿಮೆ ಇಟ್ಟು ಗಟ್ಟಿ ಡಿಕಾಕ್ಷನ್ ಇಳಿಸಿ, ಬಿಸಿ ಹಾಲನ್ನು ಮೇಲೆ ಹಾಕಿ.

ಒಳಗೆ ಬಿಳಿ ಇರುವ ಸಣ್ಣ ಕಪ್ಪುಗಳಿದ್ದರೆ ಬಣ್ಣ ಚೆನ್ನಾಗಿ ಕಾಣುತ್ತದೆ. ಎರಡು ಗುಟುಕು ಸಾಕು. ಮೊದಲು ಒಣ ಪುಡಿ ಮೂಸಿ, ಆಮೇಲೆ ನೆನೆದ ಎಲೆ ಮೂಸಿ, ಆಮೇಲೆ ಸೊರ್ ಅಂತ ಸದ್ದು ಮಾಡಿಯೇ ಹೀರಿ. ಗಾಳಿ ಸೇರಿ ಹೀರಿದಾಗ ಪರಿಮಳ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ಕುಕೀಯೋ ಕ್ಯಾರಮೆಲ್ಲೋ ಅನ್ನುವುದು ತಿಳಿಯುವುದು ಆಗಲೇ. ಮಕ್ಕಳಿಗೆ ಇದು ಬಹಳ ಖುಷಿ. ಎಲ್ಲರೂ ಮೊದಲು ಸಕ್ಕರೆ, ಹಾಲು ಇಲ್ಲದೆ ಒಂದು ಗುಟುಕು, ಆಮೇಲೆ ಅವರವರ ಇಷ್ಟದಂತೆ.

ಸಾಲು ಹೀಗಿರಲಿ: ಮೊದಲು ವೆನಿಲ್ಲಾ, ಕುಕೀಯಂಥ ಮೆದು ಪರಿಮಳ, ಆಮೇಲೆ ಹಣ್ಣು, ಆಮೇಲೆ ಚಕ್ಕೆ ಲವಂಗದ ಘಾಟು. ಪೆಪ್ಪರ್‌ಮಿಂಟ್ ಕಟ್ಟಕಡೆಗೆ. ಅದು ಒಮ್ಮೆ ನಾಲಿಗೆ ಮೇಲೆ ಕೂತರೆ ಮುಂದಿನದು ಯಾವುದೂ ತಿಳಿಯುವುದಿಲ್ಲ. ನಡುನಡುವೆ ಉಗುರುಬೆಚ್ಚಗಿನ ನೀರು, ಒಂದು ತುಂಡು ಸಾದಾ ಬ್ರೆಡ್. ಮನೆಯಲ್ಲಿ ಆ ಹೊತ್ತಿಗೆ ಒಗ್ಗರಣೆ, ಊದುಬತ್ತಿ ಬೇಡ. ಆರು ಟೀಗಿಂತ ಹೆಚ್ಚು ಇಡಬೇಡಿ, ನಾಲಿಗೆ ದಣಿಯುತ್ತದೆ.

ಬೆಂಗಳೂರಿನಿಂದ

ಈ ಡಬ್ಬಿಗಳು ಇಲ್ಲಿ ಹೊರದೇಶದ ಸಾಮಾನಿನ ಅಂಗಡಿಯಲ್ಲಿ ಸಿಕ್ಕರೂ ಬೆಲೆ ಕೇಳಿದರೆ ವಾಪಸ್ ಇಡುವ ಹಾಗಿರುತ್ತದೆ. ಜಿಂಜರ್‌ಬ್ರೆಡ್ ಪರಿಮಳ ನಮ್ಮ ಡಬ್ಬದಲ್ಲೇ ಇದೆ: ಒಣಶುಂಠಿ, ಚಕ್ಕೆ, ಎರಡು ಲವಂಗ, ಚಿಟಿಕೆ ಜಾಯಿಕಾಯಿ. ಕುಟ್ಟಿ ನೀಲಗಿರಿಯ ಎಲೆ ಟೀಗೆ ಸೇರಿಸಿ, ಇಳಿಸಿದ ಮೇಲೆ ಬೆಲ್ಲ ಕರಗಿಸಿ. ಜಿಂಜರ್‌ಬ್ರೆಡ್ ಮಾಡುವವರು ಮೊಲಾಸಿಸ್ (ಕಾಕಂಬಿ) ಹಾಕುವ ಕಡೆ ಬೆಲ್ಲ ಚೆನ್ನಾಗಿ ಹೊಂದುತ್ತದೆ. ನಿಮ್ಮ ಸಾಲಿನಲ್ಲಿ ಇದನ್ನೂ ಹೆಸರು ಹೇಳದೆ ಒಂದು ಕಪ್ ಇಟ್ಟು ನೋಡಿ.

ಮತ್ತೆ ಮಿಸ್ಸಿಸಾಗದಿಂದ

ಎಲ್ಲರಿಗೂ ತುಂಬ ಧನ್ಯವಾದ. ಇವತ್ತೇ ಅಂಗಡಿಗೆ ಹೋಗಿ ಡಬ್ಬಿ ತಿರುಗಿಸಿ ಓದಿದೆ. ನಾನು ಅತ್ತೆಗೆಂದು ಆರಿಸಿದ್ದ ಜಿಂಜರ್‌ಬ್ರೆಡ್ ಟೀಯಲ್ಲಿ ಎರಡನೇ ಹೆಸರೇ ಲಿಕರಿಸ್. ಅದನ್ನು ಬಿಟ್ಟು ವೆನಿಲ್ಲಾ ರೂಯ್ಬೊಸ್ ತಂದೆ. ಕ್ರಿಸ್‌ಮಸ್ ಬ್ಲ್ಯಾಕ್ ಟೀ, ಕುಕೀ ಟೀ, ಸೇಬಿನ ಟೀ, ಕೊನೆಗೆ ಪೆಪ್ಪರ್‌ಮಿಂಟ್, ಜೊತೆಗೆ ಬೆಲ್ಲದ್ದು. ಒಟ್ಟು ಆರಾಯಿತು. ಉಳಿದದ್ದನ್ನು ಮುಂದಿನ ವರ್ಷಕ್ಕೆ ಇಡಬಹುದಾ?

ಕೂನೂರಿನಿಂದ

ಗಾಳಿಯಾಡದ ತಗಡಿನ ಡಬ್ಬಿಯಲ್ಲಿ, ಒಂದೊಂದಕ್ಕೂ ಬೇರೆ ಡಬ್ಬಿ, ಸಾಂಬಾರು ಪುಡಿಯಿಂದ ದೂರ. ಟೀ ಎಲೆ ಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಹಾಗಿಟ್ಟರೂ ಬೇಸಿಗೆ ಮುಗಿಯುವುದರೊಳಗೆ ಕುಡಿದುಬಿಡಿ. ಎಲೆ ಕೆಡುವುದಿಲ್ಲ, ಮೇಲಿನ ಪರಿಮಳ ಹೋಗುತ್ತದೆ. ಡಿಸೆಂಬರ್ 26ರ ನಂತರ ಅರ್ಧ ಬೆಲೆಗೆ ಸಿಗುತ್ತದೆಂದು ರಾಶಿ ತರುವ ಮುಂಚೆ ಡಬ್ಬಿಯ ಮೇಲಿನ ತಾರೀಕು ನೋಡಿ.