ಪ್ರತಿ ಚುನಾವಣೆಗೂ ನಿಲ್ಲುವ ಗಂಗತ್ತೆ: ನಾಟಕಕ್ಕೆ ನಾಮಪತ್ರದ ವಿವರ ಬೇಕಿತ್ತು

ಶಿರಸಿ ರಂಗಮಿತ್ರ:

ಹವ್ಯಾಸಿ ತಂಡಕ್ಕೆ ನಾಟಕವೊಂದನ್ನು ಬರೆಯುತ್ತಿದ್ದೇನೆ. ನಾಯಕಿ ಸಿದ್ದಾಪುರ ಕಡೆಯ ಗಂಗತ್ತೆ, ಪೂರ್ತಿ ಕಲ್ಪಿತ ಪಾತ್ರ. 1989ರಿಂದ ಒಂದು ಲೋಕಸಭಾ ಚುನಾವಣೆಯನ್ನೂ ಬಿಡದೆ ಪಕ್ಷೇತರಳಾಗಿ ನಿಂತವಳು, ನಡುನಡುವೆ ವಿಧಾನಸಭೆಗೂ. ಕಪ್ಪು ಕನ್ನಡಕ, ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಗುರುತು ಯಾವಾಗಲೂ ಹಲಸಿನ ಹಣ್ಣು. ಮೊದಲ ದೃಶ್ಯದಲ್ಲಿ ಎಮ್ಮೆ ಮೇಲೆ ಕೂತು ಕಾರವಾರದ ಡಿಸಿ ಆಫೀಸಿಗೆ ಬಂದು, ಚೀಲದಿಂದ 25,000 ರೂಪಾಯಿ ಚಿಲ್ಲರೆ ಮೇಜಿನ ಮೇಲೆ ಸುರಿಯುತ್ತಾಳೆ. ಪ್ರತಿ ಸಲವೂ ಠೇವಣಿ ಹೋಗುತ್ತದೆ, ಕೊನೆಗೆ ಅದರಿಂದಲೇ ಸೋತು ಸುಮ್ಮನಾಗುತ್ತಾಳೆ. ಚುನಾವಣೆ ಕೆಲಸ ಗೊತ್ತಿದ್ದವರು ಪ್ರೇಕ್ಷಕರಲ್ಲಿ ಇದ್ದೇ ಇರುತ್ತಾರೆ, ಅವರು ನಗಬಾರದ ಜಾಗದಲ್ಲಿ ನಗುವಂತಾಗಬಾರದು. ಎಲ್ಲೆಲ್ಲಿ ತಪ್ಪಿದೆ?

ಅಘನಾಶಿನಿ:

ಕಾರವಾರ ಸರಿ. ಲೋಕಸಭೆಗೆ ಜಿಲ್ಲಾಧಿಕಾರಿಯೇ ಚುನಾವಣಾಧಿಕಾರಿ. ವಿಧಾನಸಭೆಗೆ ನಿಂತ ವರ್ಷ ಮಾತ್ರ ಅವಳನ್ನು ಕಾರವಾರಕ್ಕೆ ಕಳಿಸಬೇಡಿ, ಶಿರಸಿಯ ಉಪವಿಭಾಗಾಧಿಕಾರಿ (ಎಸಿ) ಕಚೇರಿಯಲ್ಲೇ ಕೆಲಸ ಮುಗಿಯುತ್ತದೆ.

ಠೇವಣಿ ಎಲ್ಲ ವರ್ಷವೂ 25,000 ಅಲ್ಲ. 1989, 1991, 1996ರಲ್ಲಿ ಲೋಕಸಭೆಗೆ ಬರೀ 500 ರೂಪಾಯಿ. 1996ರ ಚುನಾವಣೆ ಮುಗಿದ ಮೇಲೆ ಕಾನೂನು ಬದಲಾಗಿ 1998, 1999, 2004, 2009ರಲ್ಲಿ 10,000. 2014ರಿಂದ ಈಚೆಗೆ 25,000. ಹತ್ತು ಚುನಾವಣೆ ಕೂಡಿಸಿದರೆ 1,16,500 ರೂಪಾಯಿ. ಈ ಮೊತ್ತವನ್ನು ಅವಳ ಬಾಯಲ್ಲೇ ಹೇಳಿಸಿ, ಲೆಕ್ಕ ಇಡುವ ಹೆಂಗಸು ಅಂತ ಗೊತ್ತಾಗುತ್ತದೆ. ವಿಧಾನಸಭೆಗೆ ಈಗ 10,000. ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ. ಹೆಂಗಸರಿಗೆ ಅಂತ ಬೇರೆ ರಿಯಾಯಿತಿ ಇಲ್ಲ.

ಈಗ ಚಿಲ್ಲರೆ ಚೀಲ. ಠೇವಣಿಯನ್ನು ನಗದಾಗಿ ಕಟ್ಟಬಹುದು, ಇಲ್ಲವೇ ಖಜಾನೆ ಚಲನ್ ರಸೀದಿ ಲಗತ್ತಿಸಬಹುದು. ಚೆಕ್ಕು, ಡಿಡಿ ನಡೆಯುವುದಿಲ್ಲ. ಆದರೆ 2011ರ ನಾಣ್ಯ ಕಾಯಿದೆಯ ಪ್ರಕಾರ ಒಂದು ರೂಪಾಯಿ ಮತ್ತು ಮೇಲಿನ ನಾಣ್ಯ ಒಂದು ಪಾವತಿಗೆ 1,000 ರೂಪಾಯಿಯವರೆಗೆ ಮಾತ್ರ ಕಾನೂನುಬದ್ಧ. ಅಲ್ಲಿಂದ ಮೇಲೆ ತೆಗೆದುಕೊಳ್ಳುವುದು ಅಧಿಕಾರಿಯ ದೊಡ್ಡ ಮನಸ್ಸು. ಬೇರೆ ಊರುಗಳಲ್ಲಿ ತೆಗೆದುಕೊಂಡು, ಸಿಬ್ಬಂದಿ ಕೂತು ಎಣಿಸಿದ್ದೂ ಉಂಟು.

ನಾಮಪತ್ರದ ಸಮಯ ಬೆಳಿಗ್ಗೆ 11ರಿಂದ ಮಧ್ಯಾಹ್ನ 3. ಕೊನೇ ದಿನ 3 ಗಂಟೆಯೊಳಗೆ ಕಚೇರಿ ಒಳಗಿದ್ದವರಿಗೆ ಚೀಟಿ ಕೊಟ್ಟು ಕೂರಿಸಿಕೊಳ್ಳುತ್ತಾರೆ, 3 ದಾಟಿ ಬಾಗಿಲಿಗೆ ಬಂದವರು ಬಂದ ದಾರಿಯಲ್ಲೇ ವಾಪಸ್. ಸಿದ್ದಾಪುರದಿಂದ ಬಸ್ಸು ಹಿಡಿದು, ಘಾಟ್ ಇಳಿದು, ಕುಮಟಾ, ಅಂಕೋಲಾ ದಾಟಿ ಬರುವವಳಿಗೆ ನಿಜವಾದ ಎದುರಾಳಿ ಆ ಗಡಿಯಾರವೇ.

ಎಮ್ಮೆ ಬೇಡ. ಪ್ರಚಾರದಲ್ಲಿ ಪ್ರಾಣಿ ಬಳಸಬೇಡಿ ಅಂತ ಆಯೋಗದ ಸೂಚನೆಯೇ ಇದೆ. ಕಚೇರಿಯಿಂದ 100 ಮೀಟರ್ ಒಳಗೆ ಮೂರೇ ವಾಹನ, ಕೊಠಡಿಯೊಳಗೆ ಅಭ್ಯರ್ಥಿ ಸೇರಿ ಐದೇ ಜನ. ಕಪ್ಪು ಕನ್ನಡಕ, ಟೊಪ್ಪಿ ರಂಗದ ಮೇಲೆ ಇರಲಿ, ಮತಯಂತ್ರದ ಫೋಟೋದಲ್ಲಿ ಇರುವಂತಿಲ್ಲ. ಮೂರು ತಿಂಗಳೊಳಗೆ ತೆಗೆಸಿದ 2 x 2.5 ಸೆಂ.ಮೀ. ಫೋಟೋ, ಬಿಳಿ ಹಿನ್ನೆಲೆ, ಮುಖ ಪೂರ್ತಿ ಕಾಣಬೇಕು, ಕಣ್ಣು ತೆರೆದಿರಬೇಕು. ಟೊಪ್ಪಿ ತೆಗೆಯಲ್ಲ ಅಂತ ಗಂಗತ್ತೆ ಸ್ಟುಡಿಯೋದವನ ಹತ್ತಿರ ಜಗಳ ಆಡಲಿ, ಎಮ್ಮೆಗಿಂತ ಒಳ್ಳೆ ದೃಶ್ಯ ಅದು.

ಕೋರ್ಟ್ ರಸ್ತೆ, ಕುಮಟಾ:

ಪಕ್ಷೇತರರ ಕಷ್ಟ ಶುರುವಾಗುವುದೇ ಸೂಚಕರಿಂದ, ಅಂದರೆ ಅಭ್ಯರ್ಥಿಯ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರಿಂದ. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು. ಹತ್ತೂ ಜನ ಆ ಕ್ಷೇತ್ರದ ಮತದಾರರೇ ಆಗಿರಬೇಕು. ಒಬ್ಬ ಹೊರಗಿನವನಾದರೆ ಉಳಿದದ್ದು ಒಂಬತ್ತು, ಅಲ್ಲಿಗೆ ನಾಮಪತ್ರ ತಿರಸ್ಕೃತ.

ನಿಮ್ಮ ಕಡೆಯದೇ ಒಂದು ಗುಂಡಿ ಇದೆ. ಬನವಾಸಿ ಹೋಬಳಿ ಶಿರಸಿ ತಾಲೂಕಿನದು, ಆದರೆ 2008ರಿಂದ ವಿಧಾನಸಭೆಗೆ ಯಲ್ಲಾಪುರ ಕ್ಷೇತ್ರ. ಗಂಗತ್ತೆ ಬನವಾಸಿಯ ನೆಂಟರಿಂದ ಸಹಿ ಹಾಕಿಸಿಕೊಂಡು ಶಿರಸಿ ಕ್ಷೇತ್ರಕ್ಕೆ ಕೊಟ್ಟರೆ ಪರಿಶೀಲನೆಯ ದಿನ ಮುಗೀತು. ಅದೇ ನೆಂಟರ ಸಹಿ ಲೋಕಸಭೆಗೆ ಪೂರ್ತಿ ಸರಿ. ಲೋಕಸಭೆಗಾದರೆ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರಿನವರೂ ನಡೆಯುತ್ತದೆ. ಎರಡನೇ ಅಂಕಕ್ಕೆ ಇದಕ್ಕಿಂತ ಬೇರೆ ಬೇಕೇ ಮಾರಾಯ್ರೆ?

ಹೆಬ್ಬೆಟ್ಟಿನದೂ ಹಾಗೇ. ಸಹಿ ಬಾರದ ಸೂಚಕ ಮನೆಯಲ್ಲಿ ಕೂತು ಹೆಬ್ಬೆಟ್ಟು ಒತ್ತಿ ಕಳಿಸಿದರೆ ಲೆಕ್ಕಕ್ಕಿಲ್ಲ, ಚುನಾವಣಾಧಿಕಾರಿ ಅಥವಾ ಚುನಾವಣಾ ಆಯೋಗ ಗೊತ್ತುಮಾಡಿದ ಅಧಿಕಾರಿಯ ಎದುರೇ ಒತ್ತಬೇಕು. ಮತಪಟ್ಟಿಯ ಕ್ರಮಸಂಖ್ಯೆ, ಹೆಸರಿನ ಕಾಗುಣಿತದ ಸಣ್ಣ ತಪ್ಪಿಗೆ ತಿರಸ್ಕರಿಸುವುದಿಲ್ಲ. ಇಂಥ ಭಯಕ್ಕೇ ಜನ ನಾಲ್ಕು ಪ್ರತಿ ಕೊಡುವುದು. ಒಂದು ಕ್ಷೇತ್ರಕ್ಕೆ ಅಷ್ಟಕ್ಕೇ ಅವಕಾಶ, ಠೇವಣಿ ಮಾತ್ರ ಒಂದೇ.

ಲೋಕಸಭೆಗೆ ನಮೂನೆ 2ಎ, ವಿಧಾನಸಭೆಗೆ 2ಬಿ. ಜೊತೆಗೆ ನಮೂನೆ 26ರ ಅಫಿಡವಿಟ್, ನೋಟರಿ ಮುಂದೆ ಪ್ರಮಾಣ ಮಾಡಿದ್ದು. ಆಸ್ತಿ, ಸಾಲ, ಐದು ವರ್ಷದ ಆದಾಯ, ಕೇಸು, ಓದು ಎಲ್ಲ ಬರೆಯಬೇಕು. ಯಾವ ಕಾಲಮನ್ನೂ ಖಾಲಿ ಬಿಡುವಂತಿಲ್ಲ, ಏನಿಲ್ಲದಿದ್ದರೆ ‘ಇಲ್ಲ’ ಅಥವಾ ‘ಅನ್ವಯಿಸುವುದಿಲ್ಲ’ ಅಂತ ಬರೆಯಲೇಬೇಕು. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಇದು ಬಿಗಿಯಾಗಿದೆ. ಖಾಲಿ ಇದ್ದರೆ ನೋಟಿಸ್ ಕೊಡುತ್ತಾರೆ, ಪರಿಶೀಲನೆ ಶುರುವಾಗುವುದರೊಳಗೆ ಹೊಸದು ತರದಿದ್ದರೆ ತಿರಸ್ಕಾರ. ನಾಮಪತ್ರ ಕೊಟ್ಟ ಮೇಲೆ ಪ್ರಮಾಣವಚನ ಬೇರೆ ಇದೆ, ಅದು ಪರಿಶೀಲನೆಯ ಹಿಂದಿನ ದಿನದೊಳಗೆ ಆಗಬೇಕು.

ಕಾಳಿ ದಂಡೆ:

ಪಾತ್ರದ ಬಗ್ಗೆ ಒಂದು ಮಾತು. ಈ ಜಿಲ್ಲೆಯಲ್ಲಿ ಪಕ್ಷೇತರ ಅಂದರೆ ತಮಾಷೆ ಅಂತ ತೋರಿಸಬೇಡಿ. 1967ರಲ್ಲಿ ದಿನಕರ ದೇಸಾಯಿಯವರು ಇಲ್ಲಿಂದ ಪಕ್ಷೇತರರಾಗಿಯೇ ಗೆದ್ದು ಲೋಕಸಭೆಗೆ ಹೋದವರು. ಗಂಗತ್ತೆ ಮೊದಲ ಸಲ ನಿಂತ 1989ರಲ್ಲಿ ಶಿವರಾಮ ಕಾರಂತರೂ ಇಲ್ಲಿಂದ ಕಣದಲ್ಲಿದ್ದರು, ಕೈಗಾ ಅಣುಸ್ಥಾವರದ ವಿವಾದದ ಕಾಲ ಅದು. ಆಗ ಕ್ಷೇತ್ರದ ಹೆಸರು ಕೆನರಾ, ಉತ್ತರ ಕನ್ನಡ ಅಂತ ಆದದ್ದು ಪುನರ್ವಿಂಗಡಣೆಯ ನಂತರ. ಆ ದೃಶ್ಯದ ಬ್ಯಾನರಿನಲ್ಲಿ ಕೆನರಾ ಅಂತಲೇ ಬರೆಸಿ.

ಪದೇ ಪದೇ ನಿಲ್ಲುವವರೆಂದರೆ ನಮ್ಮಲ್ಲಿ ಎಲ್ಲರಿಗೂ ನೆನಪಾಗುವುದು ಹೊಟ್ಟೆ ಪಕ್ಷದ ರಂಗಸ್ವಾಮಿ, 86 ಸಲ ನಿಂತವರು. ಹೆಂಗಸರಲ್ಲಿ ಬೇಕೆಂದರೆ ಅಮೆರಿಕದ ಬೆಲ್ವಾ ಲಾಕ್‌ವುಡ್ ನೋಡಿ. 1884 ಮತ್ತು 1888ರಲ್ಲಿ ಅಧ್ಯಕ್ಷ ಹುದ್ದೆಗೆ ನಿಂತ ವಕೀಲೆ, ವಾಷಿಂಗ್ಟನ್ ಬೀದಿಯಲ್ಲಿ ಮೂರು ಚಕ್ರದ ಸೈಕಲ್ಲಿನಲ್ಲಿ ಓಡಾಡಿದವರು. ಅಲ್ಲಿ ದೇಶಾದ್ಯಂತ ಹೆಂಗಸರಿಗೆ ಮತದ ಹಕ್ಕು ಬಂದದ್ದು 1920ರಲ್ಲಿ. ಕಾನ್ಸಾಸ್‌ನ ಇಸಾಬೆಲ್ ಮಾಸ್ಟರ್ಸ್ ಎಂಬ ಶಿಕ್ಷಕಿ 1984ರಿಂದ 2004ರ ನಡುವೆ ಐದು ಸಲ ಅದೇ ಹುದ್ದೆಗೆ ನಿಂತರು. ಇಬ್ಬರೂ ಗಂಭೀರವಾಗಿಯೇ ನಿಂತವರು, ನಗು ಬಂದದ್ದು ನೋಡಿದವರಿಗೆ.

1996 ಕೂಡ ಬಳಸಿಕೊಳ್ಳಿ. ಪಕ್ಕದ ಬೆಳಗಾವಿಯಲ್ಲಿ ಆ ವರ್ಷ 456 ಅಭ್ಯರ್ಥಿಗಳು. ಇಂಥವನ್ನೆಲ್ಲ ನೋಡಿಯೇ ಠೇವಣಿ ಏರಿಸಿ, ಹತ್ತು ಸೂಚಕರ ನಿಯಮ ತಂದು, ಎರಡಕ್ಕಿಂತ ಹೆಚ್ಚು ಕ್ಷೇತ್ರದಲ್ಲಿ ನಿಲ್ಲದಂತೆ ಮಾಡಿದ್ದು.

ಶಿರಸಿ ರಂಗಮಿತ್ರ:

ಬನವಾಸಿ ಸಂಗತಿ ಖಂಡಿತ ಸೇರಿಸುತ್ತೇನೆ. ಹಲಸಿನ ಹಣ್ಣಿನ ಗುರುತು ಪ್ರತಿ ಸಲವೂ ಸಿಗುತ್ತದಾ? ಠೇವಣಿ ಹೋಗುವ ಲೆಕ್ಕ ಹೇಗೆ? ಅವಳನ್ನು ಕಣದಿಂದ ಹೊರಗಿಡಲು ಠೇವಣಿ ಸಾಲದಾದರೆ ಬೇರೆ ಏನಿದೆ?

ವೋಚರ್ ರಾಯರು:

ಗುರುತು ಕಾಯಂ ಸಿಗುವುದಿಲ್ಲ. ಮುಕ್ತ ಚಿಹ್ನೆಗಳ ಪಟ್ಟಿಯಿಂದ ಮೂರನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡಬೇಕು. ಒಂದಕ್ಕೇ ಇಬ್ಬರು ಪಕ್ಷೇತರರು ಕೇಳಿದರೆ ಚೀಟಿ ಎತ್ತುತ್ತಾರೆ. ಹಂಚಿಕೆ ಆಗುವುದು ನಾಮಪತ್ರ ವಾಪಸಾತಿ ಮುಗಿದ ಮೇಲೆ. 2024ರಲ್ಲಿ ಇಲ್ಲಿ ವಾಪಸಾತಿಗೆ ಕೊನೇ ದಿನ ಏಪ್ರಿಲ್ 22, ಮತದಾನ ಮೇ 7, ಬಹಿರಂಗ ಪ್ರಚಾರ ಮೇ 5ರ ಸಂಜೆಗೆ ಬಂದ್. ಭಟ್ಕಳದಿಂದ ಕಿತ್ತೂರಿನವರೆಗೆ ಎಂಟು ವಿಧಾನಸಭಾ ಕ್ಷೇತ್ರ, ಕೈಯಲ್ಲಿ 13 ದಿನ. ಮೊದಲೇ ಹಲಸಿನ ಹಣ್ಣು ಹಾಕಿ ಕರಪತ್ರ ಅಚ್ಚು ಹಾಕಿಸಿದರೆ ಬಚ್ಚಲ ಒಲೆಗೇ ಗತಿ. ಕರಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಕಡ್ಡಾಯ. ಮತಯಂತ್ರದಲ್ಲಿ ಅವಳ ಹೆಸರು ಪಕ್ಷದವರೆಲ್ಲ ಮುಗಿದ ಮೇಲೆ, ನೋಟಾದ ಆಸುಪಾಸಿನಲ್ಲಿ.

ಠೇವಣಿ ಉಳಿಯಲು ಊರ್ಜಿತ ಮತದ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು. 12 ಲಕ್ಷ ಊರ್ಜಿತ ಮತ ಬಿದ್ದರೆ 2 ಲಕ್ಷ ದಾಟಬೇಕು. ನೋಟಾ ಇದರಲ್ಲಿ ಸೇರುವುದಿಲ್ಲ.

ಆದರೆ ಠೇವಣಿ ಹೋದರೆ ಹೋದದ್ದು ದುಡ್ಡು ಮಾತ್ರ, ಮುಂದಿನ ಸಲ ಮತ್ತೆ ನಿಲ್ಲಬಹುದು. ಇಂಥವರನ್ನು ಕಟ್ಟಿಹಾಕುವುದು ಖರ್ಚಿನ ಲೆಕ್ಕ. ನಾಮಪತ್ರಕ್ಕೆ ಒಂದು ದಿನ ಮೊದಲಾದರೂ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು, ಎಲ್ಲ ಖರ್ಚೂ ಅದರಿಂದಲೇ. ಕಚೇರಿಯವರು ಕೊಡುವ ಪುಸ್ತಕದಲ್ಲಿ ಬಿಳಿ ಹಾಳೆ ದಿನದ ಖರ್ಚಿಗೆ, ಗುಲಾಬಿ ನಗದಿಗೆ, ಹಳದಿ ಬ್ಯಾಂಕಿಗೆ. ಪ್ರಚಾರದ ಅವಧಿಯಲ್ಲಿ ಮೂರು ಸಲ ತಪಾಸಣೆಗೆ ಒಯ್ಯಬೇಕು. ಯಾರೋ ಅಭಿಮಾನಿ ಪುಕ್ಕಟೆ ಜೀಪು ಕೊಟ್ಟರೂ ಅದಕ್ಕೆ ಜಿಲ್ಲೆಯ ದರಪಟ್ಟಿಯಂತೆ ಬೆಲೆ ಕಟ್ಟಿ ಬರೆಯಬೇಕು.

ಫಲಿತಾಂಶ ಬಂದ 30 ದಿನದೊಳಗೆ ವೋಚರ್ ಸಮೇತ ಪೂರ್ತಿ ಲೆಕ್ಕ ಜಿಲ್ಲಾ ಚುನಾವಣಾಧಿಕಾರಿಗೆ ತಲುಪಬೇಕು. ಖರ್ಚಿನ ಮಿತಿ 95 ಲಕ್ಷ, ತಾನು ಖರ್ಚು ಮಾಡಿದ್ದು ನಾಲ್ಕು ಸಾವಿರ, ಇದಕ್ಕೆಂಥ ಲೆಕ್ಕ ಅಂತ ಸೋತವರು ಬಿಟ್ಟುಬಿಡುತ್ತಾರೆ. ಆಮೇಲೆ ಆಯೋಗದ ನೋಟಿಸ್ ಬರುತ್ತದೆ, ಉತ್ತರಕ್ಕೆ 20 ದಿನ. ಅದಕ್ಕೂ ಸುಮ್ಮನಿದ್ದರೆ ಜನಪ್ರತಿನಿಧಿ ಕಾಯಿದೆಯ 10ಎ ಕಲಮಿನ ಕೆಳಗೆ, ಆದೇಶದ ದಿನದಿಂದ 3 ವರ್ಷ ಅನರ್ಹ. ಆದೇಶ ಹೊರಡುವುದು ತಡವಾಗಿ. ಗಂಗತ್ತೆ 2019ರ ಲೆಕ್ಕ ಕೊಡದೆ ಬಿಟ್ಟಳು, ಆದೇಶ 2021ರ ಜೂನಿನಲ್ಲಿ ಬಂತು ಅಂತ ಇಟ್ಟುಕೊಳ್ಳಿ. 2023ರ ವಿಧಾನಸಭೆಯೂ ಹೋಯಿತು, 2024ರ ಲೋಕಸಭೆಯೂ ಕೆಲವೇ ವಾರಗಳಲ್ಲಿ ಕೈತಪ್ಪಿತು. ಅವಧಿ ಕಡಿಮೆ ಮಾಡಿ ಅಂತ ಆಯೋಗಕ್ಕೆ ಅರ್ಜಿ ಹಾಕಲು ದಾರಿ ಇದೆ, ಕಾರಣವನ್ನು ಬರಹದಲ್ಲಿ ಕೊಡಬೇಕು. ಮೂರನೇ ಅಂಕದಲ್ಲಿ ಅವಳು ಬರೆಯುತ್ತಾ ಕೂರಬೇಕಾದದ್ದು ಆ ಅರ್ಜಿ.