ಸಹಾಯ ಬೇಕು: ಟರ್ಕಿ ಮರಿಗಳು ತಾವಾಗಿ ಮೇವು ತಿನ್ನುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವು ಶಿರಾ ಹತ್ತಿರದ ಹಳ್ಳಿಯವರು. ಮನೆಯಲ್ಲಿ ಒಂದು ಜೊತೆ ಟರ್ಕಿ ಕೋಳಿ ಇವೆ. ಈ ಸಲ ಅವುಗಳ 9 ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗೆ ಕಾವಿಗೆ ಇಟ್ಟಿದ್ದೆವು. ನಾಟಿ ಕೋಳಿಯಂತೆ 21 ದಿನವಲ್ಲ, 28 ದಿನ ಬೇಕು. ಪಾಪ, ಅಷ್ಟು ದಿನವೂ ಹೇಂಟೆ ಬಿಡದೆ ಕೂತಿತ್ತು. 6 ಮರಿ ಆದವು. ಎರಡು ಸತ್ತವು, 4 ಉಳಿದಿವೆ. ಇವತ್ತಿಗೆ ನಾಲ್ಕನೇ ದಿನ.

ತೊಂದರೆ ಇರೋದು ಮೇವಿನದು. ಸ್ಟಾರ್ಟರ್ ಫೀಡ್ (ಮರಿಗಳಿಗೆ ಮೊದಲು ಕೊಡುವ ಮೇವು) ಮುಂದೆಯೇ ಇದ್ದರೂ ಸುಮ್ಮನೆ ನಿಂತಿರುತ್ತವೆ. ಬೇಯಿಸಿದ ಮೊಟ್ಟೆ ಪುಡಿ ಮಾಡಿ ಬೆರಳ ತುದಿಯಲ್ಲಿ ಹಿಡಿದರೆ ಕುಕ್ಕುತ್ತವೆ, ಕೈ ತೆಗೆದರೆ ಮತ್ತೆ ಸುಮ್ಮನೆ. ನೀರಿನ ತಟ್ಟೆಗೆ ಬಣ್ಣದ ಗೋಲಿ ಹಾಕಿದ ಮೇಲೆ ಎರಡು ಮರಿ ಕುಡಿಯೋದು ಕಲಿತವು. ಉಳಿದೆರಡಕ್ಕೆ ನಾನೇ ಕೊಕ್ಕು ಅದ್ದಿ ಕುಡಿಸುತ್ತಿದ್ದೇನೆ, ರಾತ್ರಿಯೂ ಎದ್ದು. ಬಲ್ಬು ಹಾಕಿ 35 ಡಿಗ್ರಿ ಇಟ್ಟಿದ್ದೇನೆ. ಪೇಪರ್ ಮೇಲೆ ಕಾಲು ಜಾರುತ್ತಿತ್ತು, ಈಗ ಗೋಣಿಚೀಲ ಹಾಸಿದ್ದೇನೆ.

ಒಂದು ಕೋಳಿಮರಿಯನ್ನು ಜೊತೆಗೆ ಬಿಟ್ಟರೆ ಅದನ್ನು ನೋಡಿ ತಿನ್ನೋದು ಕಲಿಯುತ್ತವೆ ಅಂತಾರೆ. ಆದರೆ ಕೋಳಿಯಿಂದ ಟರ್ಕಿಗೆ ಬ್ಲ್ಯಾಕ್‌ಹೆಡ್ ಅನ್ನೋ ಕರುಳು, ಪಿತ್ತಜನಕಾಂಗದ ರೋಗ ತಗಲುತ್ತದೆ. ಅದೇ ಭಯಕ್ಕೆ ಹೇಂಟೆಯನ್ನೂ ಬೇರೆ ಮಾಡಿದ್ದೇನೆ. ಆಗತಾನೇ ಮೊಟ್ಟೆಯೊಡೆದು ಬಂದ ಕೋಳಿಮರಿಯನ್ನು ಹೀಗೆ ಬಿಟ್ಟು ನೋಡಿದವರು ಇದ್ದೀರಾ? ಎಷ್ಟು ದಿನ ಜೊತೆಗಿಟ್ಟಿರಿ? ಈರುಳ್ಳಿ ಸೊಪ್ಪು ಸಣ್ಣಗೆ ಹೆಚ್ಚಿ ಫೀಡ್ ಮೇಲೆ ಉದುರಿಸಿದರೆ ಹಸಿರು ಕಂಡು ಕುಕ್ಕುತ್ತವೆಯೇ?

ನಾಳೆ ಬೆಳಿಗ್ಗೆ ಪಶು ವೈದ್ಯರನ್ನು ಕಾಣುತ್ತೇನೆ. ಅಷ್ಟರೊಳಗೆ ಮಾಡಬೇಕಾದದ್ದು ಏನಾದರೂ ಇದ್ದರೆ ದಯವಿಟ್ಟು ಈಗಲೇ ತಿಳಿಸಿ.