ಸಹಾಯ ಬೇಕು: ಹೊರದೇಶದ ನೆರವಿಗೆ ನಮ್ಮ ಕಾನೂನು ಏನು ಹೇಳುತ್ತದೆ?

ಎಲ್ಲರಿಗೂ ನಮಸ್ಕಾರ. ಎಲ್‌ಎಲ್‌ಎಂ ಓದುತ್ತಿದ್ದೇನೆ. ವಿಪತ್ತಿನ ಹೊತ್ತಲ್ಲಿ ಬೇರೆ ದೇಶದ ನೆರವು ಯಾವ ಕಾನೂನಿನಡಿ ಒಳಗೆ ಬರುತ್ತದೆ ಅನ್ನೋದು ನನ್ನ ಪ್ರಬಂಧದ ವಿಷಯ.

2015ರ ನೇಪಾಳ ಭೂಕಂಪದಿಂದ ಶುರು ಮಾಡಿದೆ. ಅಲ್ಲಿ ಜನ ಬಯಲಲ್ಲಿ ಮಲಗಿದ್ದರು, ಸಾಮಗ್ರಿ ಕಠ್ಮಂಡು ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿತ್ತು. ನಿಯಮ ಸಡಿಲಿಸಿ ಎಂದು ವಿಶ್ವಸಂಸ್ಥೆಯೇ ಕೇಳಬೇಕಾಯಿತು. ಇಂಥದ್ದು ಆಗಬಾರದು ಅಂತಲೇ ರೆಡ್‌ಕ್ರಾಸ್ ಸಮ್ಮೇಳನ 2007ರಲ್ಲಿ ಮಾರ್ಗಸೂಚಿಗಳನ್ನು ಒಪ್ಪಿತ್ತು. ಆದರೆ ಪಾಲಿಸಲೇಬೇಕು ಎಂಬ ಕಟ್ಟು ಯಾವ ದೇಶಕ್ಕೂ ಇಲ್ಲ. ಸುಮ್ನೆ ಸಲಹೆ, ಅಷ್ಟೇ!

ನಮ್ಮ 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಸೆಕ್ಷನ್ 35ರಲ್ಲಿ ವಿದೇಶಿ ಸರ್ಕಾರಗಳ ಜೊತೆ ಸಮನ್ವಯದ ಮಾತಿದೆ, ವಿವರ ಇಲ್ಲ. 2018ರ ಕೇರಳ ಪ್ರವಾಹದಲ್ಲಿ ವಿದೇಶಿ ಸರ್ಕಾರಗಳ ಹಣ ಬೇಡ ಎಂದದ್ದೂ ಸರ್ಕಾರದ ನೀತಿಯ ಹೆಸರಲ್ಲೇ, ಅಲ್ವಾ?

ಈಗ ಪ್ರಶ್ನೆ. ಹೊರಗಿನಿಂದ ಬರುವ ಔಷಧಿ, ಟೆಂಟುಗಳಿಗೆ ಸುಂಕ ವಿನಾಯಿತಿ ಕೊಡುವ ಅಧಿಸೂಚನೆಗಳನ್ನು ಎಲ್ಲಿ ಹುಡುಕಬೇಕು? ವಿದೇಶಿ ವೈದ್ಯರು ತುರ್ತಾಗಿ ಬಂದರೆ ಇಲ್ಲಿ ಚಿಕಿತ್ಸೆ ಕೊಡಲು ಅನುಮತಿ ಯಾರು ಕೊಡುತ್ತಾರೆ? ಕಸ್ಟಮ್ಸ್‌ನಲ್ಲಿ ಕೆಲಸ ಮಾಡಿದವರು, ವಕೀಲರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಮುಂದಿನ ವಾರ ಗೈಡ್‌ಗೆ ಕರಡು ತೋರಿಸಬೇಕು.